ತಕ್ಕಡಿ ಯಾರದು?

ಬೆಂಗಳೂರು ಲೇಸೋ, ಹೈದರಾಬಾದು ಲೇಸೋ? ರೋಣ, ನರಗುಂದ, ಗಜೇಂದ್ರಗಡಗಳ ಚಹಾದಂಗಡಿಗಳಲ್ಲಿ ಈಗ ಮಳೆ-ಬೆಳೆಯ ಮಾತಿನಷ್ಟೇ ಈ ಮಾತೂ ನಡೆಯುತ್ತದೆ. ಒಬ್ಬರ ಮಗ ಅಲ್ಲಿ, ಇನ್ನೊಬ್ಬರ ಮಗಳು ಇಲ್ಲಿ. ಊರಲ್ಲಿ ಕುಳಿತ ತಂದೆಯಂದಿರು ಆಯಾ ನಗರದ ವಕೀಲರಾಗುತ್ತಾರೆ. ಪದವಿಯ ಕೊನೆಯ ವರ್ಷದ ಹುಡುಗ-ಹುಡುಗಿಯರು ನನ್ನನ್ನೂ ಕೇಳುವುದುಂಟು. ಕನ್ನಡ ಕಲಿಸುವವನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಮಾತನ್ನು ತೂಗಿ ನೋಡುವುದು ನನ್ನ ಕಸುಬು; ಈ ವಾದದಲ್ಲಿ ತಕ್ಕಡಿಯೇ ನಮ್ಮದಲ್ಲವೆಂದು ನನಗೆ ತೋರುತ್ತದೆ.

ಬೆಂಗಳೂರಿನ ಪಕ್ಷದವರು ಕೇಂದ್ರ ಸರಕಾರ 2021ರ ಮಾರ್ಚಿನಲ್ಲಿ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕವನ್ನು ಮುಂದಿಡುತ್ತಾರೆ. ಹತ್ತು ಲಕ್ಷಕ್ಕೆ ಮಿಕ್ಕಿದ ಜನಸಂಖ್ಯೆಯ ನಗರಗಳಲ್ಲಿ ಬೆಂಗಳೂರು 1ನೆಯದು, ಹೈದರಾಬಾದು 24ನೆಯದು. ಹೈದರಾಬಾದಿನ ಪಕ್ಷದವರು ಸುಮ್ಮನಿರುವರೇ? ಅವರು ಮರ್ಸರ್ ಎಂಬ ಕಂಪನಿಯ 2019ರ ಪಟ್ಟಿಯನ್ನು ತೆಗೆಯುತ್ತಾರೆ. ಅದರಲ್ಲಿ ಜಗತ್ತಿನ ನಗರಗಳ ಸಾಲಿನಲ್ಲಿ ಹೈದರಾಬಾದಿಗೆ 143, ಬೆಂಗಳೂರಿಗೆ 149. ಎರಡು ವರ್ಷದಲ್ಲಿ ಊರುಗಳು ತಲೆಕೆಳಗಾದವೇ? ಇಲ್ಲ, ತೂಗಿದವರು ಬೇರೆ. ಹೊರದೇಶಕ್ಕೆ ಕಳಿಸುವ ಅಧಿಕಾರಿಗೆ ಎಷ್ಟು ಭತ್ಯೆ ಕೊಡಬೇಕೆಂದು ಕಂಪನಿಗಳು ನಿರ್ಣಯಿಸಲಿಕ್ಕೆ ಮರ್ಸರಿನ ಪಟ್ಟಿ. ಸರಕಾರದ ಲೆಕ್ಕದಲ್ಲಿ ನಾಗರಿಕರ ಅಭಿಪ್ರಾಯವನ್ನೂ ಕೇಳಿದ್ದುಂಟು. ಅದು ನಗರದಲ್ಲಿ ಆಗಲೇ ನೆಲೆ ನಿಂತವರ ಅಭಿಪ್ರಾಯ. ರೋಣದಿಂದ ಚೀಲ ಹೊತ್ತು ಬೆಳಗಿನ ಜಾವ ಬಸ್ಸಿಳಿದವನ ತಕ್ಕಡಿ ಇವೆರಡೂ ಅಲ್ಲ.

ಅವನ ತಕ್ಕಡಿಯಲ್ಲಿ ಮೊದಲು ಬೀಳುವುದು ಮನೆಯ ಮುಂಗಡ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಹಳೆಯ ವಾಡಿಕೆ. ಈಗ ಕೆಲವರು ಐದಾರು ತಿಂಗಳಿಗೆ ಇಳಿದಿದ್ದಾರೆ. ಹೈದರಾಬಾದಿನಲ್ಲಿ ಎರಡು-ಮೂರು ತಿಂಗಳದು ಸಾಕು. 12,000 ರೂಪಾಯಿ ಬಾಡಿಗೆಯ ಮನೆಯೆಂದು ಹಿಡಿಯಿರಿ: ಹಳೆಯ ವಾಡಿಕೆಯಂತೆ ಅಲ್ಲಿ 1,20,000, ಇಲ್ಲಿ 24,000. ಈ 96,000 ರೂಪಾಯಿಯ ಅಂತರವೆಂದರೆ ಎರೆ ಹೊಲದ ಒಕ್ಕಲಿಗನಿಗೆ ಒಂದು ಸಾಲ. ಈ ಮಾತಿನಲ್ಲಿ ಹೈದರಾಬಾದು ಗೆದ್ದಿತೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಎರಡನೆಯದು ದಾರಿಯ ಹೊತ್ತು. ಹೈದರಾಬಾದಿನ 158 ಕಿಲೋಮೀಟರಿನ ಹೊರವರ್ತುಲ ರಸ್ತೆಯ ವರ್ಣನೆ ಕೇಳಿ ಕೇಳಿ ನನ್ನ ಕಿವಿ ದಣಿದಿದೆ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕ ನೋಡಿರಿ: 10 ಕಿಲೋಮೀಟರಿಗೆ ಬೆಂಗಳೂರಿನಲ್ಲಿ ಸುಮಾರು 34 ನಿಮಿಷ, ಹೈದರಾಬಾದಿನಲ್ಲಿ ಸುಮಾರು 31. ಇಷ್ಟೆಲ್ಲ ಜಗಳ ಮೂರು ನಿಮಿಷದ್ದು! ಮೆಟ್ರೋ ಎನ್ನುವಿರಾ? 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು; ಮೇ ತಿಂಗಳಲ್ಲಿ ಹೈದರಾಬಾದೂ ಏರಿಸಿ, ಕೂಗೆದ್ದ ಮೇಲೆ ನೂರಕ್ಕೆ ಹತ್ತರಷ್ಟು ಇಳಿಸಿತು.

ಮೂರನೆಯದು ನೀರು. ಬೆಂಗಳೂರು ಕಾವೇರಿಯನ್ನು ಸುಮಾರು 100 ಕಿಲೋಮೀಟರು ದೂರದಿಂದ ಮೂರು ಹಂತಗಳಲ್ಲಿ ಮೇಲೆತ್ತಿ ಕುಡಿಯುತ್ತದೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿಗೆ ಕಾಯಿತು. ಹೈದರಾಬಾದು ನಾಗಾರ್ಜುನಸಾಗರದಿಂದ ಕೃಷ್ಣೆಯನ್ನು ತರಿಸಿಕೊಳ್ಳುತ್ತದೆ. 1908ರಲ್ಲಿ ಮೂಸಿ ನದಿ ಆ ಊರನ್ನು ಕೊಚ್ಚಿದಾಗ ಪರಿಹಾರ ಯೋಚಿಸಿದವರು ನಮ್ಮ ವಿಶ್ವೇಶ್ವರಯ್ಯನವರು. ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳು ಆ ಯೋಜನೆಯ ಫಲ. ಆದರೂ 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬಡಾವಣೆಗಳು ಮುಳುಗಿದವು, 2022ರ ಸೆಪ್ಟಂಬರಿನಲ್ಲಿ ಬೆಂಗಳೂರಿನವು. ಕೆರೆಯ ಅಂಗಳದಲ್ಲಿ ಮನೆ ಕಟ್ಟುವ ವಿದ್ಯೆಯಲ್ಲಿ ಎರಡೂ ಒಂದೇ ಗುರುವಿನ ಶಿಷ್ಯರು.

ನಾಲ್ಕನೆಯದು ನುಡಿ. ದವಾಖಾನೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಕಚೇರಿಯ ಕಿಟಕಿಯ ಮುಂದೆ ತನ್ನ ಕಷ್ಟವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳುವ ಹಕ್ಕು ಸಣ್ಣದಲ್ಲ. ಅದು ಬೆಂಗಳೂರಿನಲ್ಲಿದೆ, ಈ ಮಾತಿನಲ್ಲಿ ಬೆಂಗಳೂರು ಗೆದ್ದಿತು. ಹಾಗೆಂದು ಹೈದರಾಬಾದನ್ನು ಪರದೇಶವೆಂದು ಮೂಗು ಮುರಿಯುವುದೂ ಸಲ್ಲ. ಗಜೇಂದ್ರಗಡದ ಗುಡ್ಡದಾಚೆಯ ಕುಷ್ಟಗಿ, ಯಲಬುರ್ಗಾಗಳಿಗೆ 1956ರ ವರೆಗೆ ಅದೇ ರಾಜಧಾನಿ, ನಮಗೆ ಮುಂಬಯಿ. ಬೆಂಗಳೂರು ಆಗ ಎರಡೂ ಕಡೆಯವರಿಗೆ ನೆರೆಮನೆ.

ಹೀಗೆ ಕಿಸೆ ಕೇಳಿದರೆ ಹೈದರಾಬಾದು, ನಾಲಗೆ ಕೇಳಿದರೆ ಬೆಂಗಳೂರು. ಉಳಿದುದರಲ್ಲಿ ಎರಡೂ ಸಮ. ತೀರ್ಪು ಕೇಳುವವರಿಗೆ ಇದು ನನ್ನ ತೀರ್ಪು. ಆದರೆ ನನ್ನ ತಕರಾರು ಇಲ್ಲಿಂದ ಮುಂದೆ. ಎರಡರಲ್ಲಿ ಒಂದನ್ನು ಹಿಡಿಯಲೇಬೇಕಾದವನು ನಿಜವಾಗಿ ಏನನ್ನೂ ಆರಿಸುವುದಿಲ್ಲ. ‘ಎರಡೂ ಬೇಡ’ ಎನ್ನಬಲ್ಲವನೇ ಆರಿಸಬಲ್ಲವನು. ಆ ಮಾತನ್ನು ನಮ್ಮ ಮಕ್ಕಳ ಬಾಯಿಂದ ಕಸಿದುಕೊಂಡು, ನಾವು ಹಿರಿಯರು ಚಹಾ ಕುಡಿಯುತ್ತ ನಗರಗಳ ಗುಣಗಾನ ಮಾಡುತ್ತಿದ್ದೇವೆ.

ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಹೋದವರಿಂದ ಊರು ಬೆಳೆದದ್ದೂ ಉಂಟು. ಮನೆಯ ಹೆಣ್ಣುಮಗಳು ತನ್ನ ಪಗಾರದಲ್ಲಿ ನಿಲ್ಲುವುದನ್ನು ನೋಡಿ ಹಿಗ್ಗದವರು ಯಾರು? ಆದರೆ ಊರಲ್ಲಿ ಉಳಿಯುವ ದಾರಿಯಾದರೂ ಎಲ್ಲಿದೆ? ನರಗುಂದಕ್ಕೂ ಗಜೇಂದ್ರಗಡಕ್ಕೂ ರೈಲಿಲ್ಲ. ಗಜೇಂದ್ರಗಡದ ಪಟ್ಟೇದಂಚಿನ ಸೀರೆಯನ್ನು ಮೆಚ್ಚುವ ನಗರದ ಮಂದಿ ಬಹಳ. ಮಗನನ್ನು ಮಗ್ಗದ ಮುಂದೆ ಕೂಡಿಸುವ ಧೈರ್ಯವಿರುವ ನೇಕಾರರು ಎಷ್ಟು? ನರಗುಂದದ ರೈತರು 1980ರಲ್ಲಿ ನೀರಿನ ಕರದ ವಿರುದ್ಧ ಎದ್ದು ಗುಂಡಿಗೆ ಎದೆಯೊಡ್ಡಿದರು. 2015ರ ಜುಲೈಯಿಂದ ಮಹದಾಯಿ ನೀರಿಗಾಗಿ ಧರಣಿ ಕುಳಿತರು. ನ್ಯಾಯಮಂಡಳಿ 2018ರಲ್ಲಿ ರಾಜ್ಯಕ್ಕೆ 13.42 ಟಿ.ಎಂ.ಸಿ. ಹಂಚಿತು, 2020ರಲ್ಲಿ ಅದು ಗೆಜೆಟಿನಲ್ಲಿ ಬಂದಿತು. 2025ರ ತನಕವೂ ಮಲಪ್ರಭೆಗೆ ಹನಿ ಸೇರಲಿಲ್ಲ. ಈ ನಡುವೆ, 2024ರ ಅಕ್ಟೋಬರಿನಲ್ಲಿ, ಬೆಂಗಳೂರಿಗೆ ಕಾವೇರಿ ಐದನೆಯ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರು ಹೆಚ್ಚಿನ ನೀರಿನ ಏರ್ಪಾಡಾಯಿತು. ಬೆಂಗಳೂರಿನವರು ಕುಡಿಯಲಿ, ನನಗೆ ಹೊಟ್ಟೆಕಿಚ್ಚಿಲ್ಲ. ನೀರು ಎಲ್ಲಿಗೆ ಹೋಗುವುದೋ ಮಕ್ಕಳು ಅಲ್ಲಿಗೇ ಹೋಗುತ್ತಾರೆಂಬುದನ್ನು ಮಾತ್ರ ನೆನಪಿಸುತ್ತೇನೆ.

ನರಗುಂದದಿಂದ ಹುಬ್ಬಳ್ಳಿ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ತಂದೆಗೆ ಜ್ವರ ಬಂದರೆ ಸಂಜೆಗೆ ಮನೆ ಮುಟ್ಟಬಹುದಾದ ದೂರ. ಹುಬ್ಬಳ್ಳಿ-ಧಾರವಾಡಗಳಲ್ಲಿ ತಕ್ಕ ನೌಕರಿ ಹುಟ್ಟಿದರೆ ನಮ್ಮ ಎಷ್ಟೋ ಮಕ್ಕಳಿಗೆ ಬೆಂಗಳೂರಿನ ಮುಂಗಡವೂ ಬೇಡ, ಹೈದರಾಬಾದಿನ ವರ್ತುಲ ರಸ್ತೆಯೂ ಬೇಡ. ಆದರೆ ಚಹಾದಂಗಡಿಯ ವಾದದಲ್ಲಿ ಈ ಮೂರನೆಯ ಹೆಸರು ಬರುವುದೇ ಇಲ್ಲ. ಮತ ಕೇಳಲು ಬಂದವರ ಮುಂದೆ ಅದನ್ನು ನಾವು ಎತ್ತುವುದೂ ಇಲ್ಲ.

ತಂದೆಯಂದಿರಲ್ಲಿ ನನ್ನ ವಿನಂತಿ ಇಷ್ಟೆ. ಬೆಂಗಳೂರು-ಹೈದರಾಬಾದುಗಳಿಗೆ ತಮ್ಮ ಪರವಾಗಿ ವಾದಿಸಲು ಮಂತ್ರಿಗಳಿದ್ದಾರೆ, ಕಂಪನಿಗಳಿವೆ. ನಿಮ್ಮ ವಕಾಲತ್ತು ಅವಕ್ಕೆ ಬೇಕಿಲ್ಲ. ರೋಣ, ನರಗುಂದ, ಗಜೇಂದ್ರಗಡಗಳಿಗೆ ವಕೀಲರಿಲ್ಲ. ಆ ಕೆಲಸ ಖಾಲಿಯಿದೆ.