ಪ್ರಯೋಗಶಾಲೆಯ ಬಾಗಿಲು ಯಾರಿಗೆ ತೆರೆದಿದೆ?

ಹಗಲೆಲ್ಲ ಹೋಟೆಲಿನ ಗಲ್ಲೆಯಲ್ಲೋ ಕಚೇರಿಯ ಕಡತಗಳ ನಡುವೆಯೋ ದುಡಿದು, ರಾತ್ರಿ ಪುಸ್ತಕ ಬಿಚ್ಚುವ ತರುಣರು ನಮ್ಮವರಲ್ಲಿ ಹಿಂದಿನಿಂದಲೂ ಇದ್ದಾರೆ. ಮುಂಬಯಿಯ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಕನ್ನಡಿಗರ ವೃತ್ತಾಂತ ವಾಚಕರಿಗೆ ಹೊಸದಲ್ಲ. ಆದರೆ ಇತಿಹಾಸವನ್ನೋ ವಾಣಿಜ್ಯವನ್ನೋ ಆರಿಸಿಕೊಂಡಷ್ಟು ಸುಲಭವಾಗಿ ಅಂಥವನು ರಸಾಯನಶಾಸ್ತ್ರವನ್ನು ಆರಿಸಿಕೊಳ್ಳಲಾರ. ಅವನಿಗಿರುವುದು ಬುದ್ಧಿಯ ಕೊರತೆಯಲ್ಲ, ಪ್ರಯೋಗಶಾಲೆಯ ಕೊರತೆ.

ಓದುವ ಸಾಮಗ್ರಿಗೆ ಇಂದು ಬಡತನವಿಲ್ಲ. ಎನ್‌ಸಿಇಆರ್‌ಟಿಯ ಪಠ್ಯಪುಸ್ತಕಗಳೂ ಪ್ರಯೋಗ ಕೈಪಿಡಿಯೂ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಮುಂಬಯಿಯ ಸಿ-ಡಾಕ್ ಸಂಸ್ಥೆಯೂ ಅಮೃತ ವಿಶ್ವವಿದ್ಯಾಪೀಠವೂ ಕೂಡಿ ರೂಪಿಸಿದ ‘ಓಲ್ಯಾಬ್ಸ್’ನಲ್ಲಿ 9ರಿಂದ 12ನೆಯ ತರಗತಿಯವರೆಗಿನ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡಬಹುದು. ದುಬಾರಿ ಗೈಡುಗಳಿಗೆ ಸಂಬಳ ಸುರಿಯುವ ಅಗತ್ಯ ಬಹುಮಟ್ಟಿಗೆ ತಪ್ಪಿದೆ.

ತೊಡಕಿರುವುದು ಪರೀಕ್ಷೆಯ ನಿಯಮದಲ್ಲಿ. ಶಾಲೆ ಬಿಟ್ಟು ದುಡಿಯುವವರಿಗೆಂದೇ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯ (ಇಂದಿನ ಎನ್‌ಐಒಎಸ್‌ನ) ಹಿರಿಯ ಮಾಧ್ಯಮಿಕ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಲಿಖಿತ 80 ಅಂಕ, ಪ್ರಾಯೋಗಿಕ 20. ಎರಡರಲ್ಲಿಯೂ ಪ್ರತ್ಯೇಕವಾಗಿ ಉತ್ತೀರ್ಣನಾಗಬೇಕು. ಸಿಬಿಎಸ್‌ಇಯ 12ನೆಯ ತರಗತಿಯಲ್ಲಿ ಪ್ರಯೋಗಕ್ಕೆ 30 ಅಂಕ. ಇನ್ನು ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ 2024ರ ಪಠ್ಯಕ್ರಮದಲ್ಲಿ ಪ್ರಾಯೋಗಿಕ ರಸಾಯನದ ತತ್ತ್ವಗಳೆಂಬ ಭಾಗವೇ ಸೇರಿತು. ಬ್ಯುರೆಟ್ಟನ್ನು ಎಂದೂ ಮುಟ್ಟದವನೂ ಬಣ್ಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಅದಕ್ಕೆ ಉತ್ತರ ಗುರುತಿಸಬಲ್ಲನೆಂಬುದು ಬೇರೆ ಮಾತು!

ಪರದೆಯ ಪ್ರಯೋಗಕ್ಕೂ ಕೈಯ ಪ್ರಯೋಗಕ್ಕೂ ಇರುವ ಅಂತರವನ್ನು ಟೈಟ್ರೇಷನ್ನಿನಲ್ಲಿ ಕಾಣಬಹುದು. ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ಪಿಪೆಟ್ಟಿನಿಂದ ಅಳೆದು, ಸಾರರಿಕ್ತ ಗಂಧಕಾಮ್ಲ ಸೇರಿಸಿ, ಸುಮಾರು 60-70 ಡಿಗ್ರಿಗೆ ಕಾಯಿಸಿ, ಪೊಟ್ಯಾಸಿಯಂ ಪರ್ಮಾಂಗನೇಟನ್ನು ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಡಬೇಕು. ಮೊದಲ ಹನಿಗಳ ಬಣ್ಣ ಮಾಯವಾಗಲು ತಡವಾಗುತ್ತದೆ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನುಗಳೇ ಕ್ರಿಯೆಯನ್ನು ಚುರುಕುಗೊಳಿಸುವುದರಿಂದ ಬಳಿಕ ಬೇಗಬೇಗನೆ ಮಾಯವಾಗುತ್ತದೆ. ಕೊನೆಗೆ ಒಂದೇ ಒಂದು ಹನಿಗೆ ತಿಳಿಗುಲಾಬಿ ಬಣ್ಣ ನಿಂತುಬಿಡುತ್ತದೆ. ಆ ಹನಿಗೆ ತಿರುಪನ್ನು ನಿಲ್ಲಿಸಬೇಕು. ಹೊಸಬನು ಐದಾರು ಸಲವಾದರೂ ಗುರಿ ದಾಟಿಸಿ ಗಾಢಗುಲಾಬಿ ಮಾಡಿಕೊಳ್ಳದೆ ಇರಲಾರ. ಪರದೆಯಲ್ಲಿ ಕಣ್ಣು ಕಲಿಯುತ್ತದೆ, ಬೆರಳು ಕಲಿಯುವುದಿಲ್ಲ.

ಅಡುಗೆಮನೆಯೂ ಕೊಂಚ ನೆರವಾಗಬಲ್ಲುದು. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗಿ, ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುವುದು ಆಮ್ಲ-ಕ್ಷಾರಗಳ ಮೊದಲ ಪಾಠ. ನೀರು ಕಾಯಿಸುವ ಪಾತ್ರೆಯೊಳಗಿನ ಬಿಳಿಯ ಹೊಪ್ಪಳಿಕೆಗೆ ವಿನೆಗರ್ ಹಾಕಿದಾಗ ಏಳುವ ಗುಳ್ಳೆ ಇಂಗಾಲದ ಡೈಆಕ್ಸೈಡು. ತಟ್ಟೆ ತೊಳೆಯುವ ಹುಡುಗನು ಇದನ್ನು ನಿತ್ಯವೂ ಕಂಡಿರುತ್ತಾನೆ, ಹೆಸರು ಮಾತ್ರ ತಿಳಿಯದು. ಆದರೆ ಲವಣ ಪರೀಕ್ಷೆಯ ಗಂಧಕಾಮ್ಲವನ್ನು ಅನ್ನ ಬೇಯುವಲ್ಲಿ ತರುವ ಸಾಹಸ ಸರ್ವಥಾ ಸಲ್ಲದು.

ಹಾಗಾದರೆ ಅವನು ಹೋಗಬೇಕಾದುದೆಲ್ಲಿಗೆ? ಅಧ್ಯಯನ ಕೇಂದ್ರದ ಸಂಪರ್ಕ ತರಗತಿ ನಡೆಯುವ ಹೊತ್ತಿಗೆ ಅವನಿಗೆ ರಜೆ ದೊರೆತರೆ ತಾನೆ! ಭಾನುವಾರ ಗುಮಾಸ್ತನಿಗೆ ಬಿಡುವು, ಹೋಟೆಲಿನವನಿಗೆ ವಾರದಲ್ಲೇ ದೊಡ್ಡ ಗದ್ದಲ. ಅವನಿಗೆ ಉಸಿರಾಡಲು ಸಿಗುವುದು ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಆರಂಭವಾಗುವ ನಡುವೆ. ಪರನಾಡಿನಲ್ಲಿ ಶಾಲೆಗಳನ್ನು ನಡೆಸುವ ಕನ್ನಡ ಸಂಸ್ಥೆಗಳು, ಪರೀಕ್ಷೆಗೆ ಮುಂಚಿನ ಎರಡು ತಿಂಗಳಾದರೂ, ವಾರಕ್ಕೊಮ್ಮೆ ಆ ಹೊತ್ತಿನಲ್ಲಿ ತಮ್ಮ ಪ್ರಯೋಗಶಾಲೆಯನ್ನು ಶಿಕ್ಷಕರೊಬ್ಬರ ಮೇಲ್ವಿಚಾರಣೆಯಲ್ಲಿ ತೆರೆಯಲಾರವೇ? ವೆಚ್ಚದ ಅಳುಕಿದ್ದರೆ, ಹನಿಗಳ ಪ್ರಮಾಣದಲ್ಲೇ ಪ್ರಯೋಗ ನಡೆಸುವ ಕಿರು ಪ್ರಯೋಗಪೆಟ್ಟಿಗೆಯನ್ನು ಎನ್‌ಸಿಇಆರ್‌ಟಿಯೇ ರೂಪಿಸಿದೆ. ಹೋಟೆಲ್ ಮಾಲಿಕರ ಪಾಲಿಗೂ ಒಂದು ಕೆಲಸವಿದೆ: ಪ್ರಾಯೋಗಿಕ ಪರೀಕ್ಷೆಯ ದಿನ ಹುಡುಗನಿಗೆ ಸಂಬಳ ಕಡಿಯದೆ ರಜೆ ಕೊಡುವುದು.