ಆಟದ ವಿಮಾನದ ನಕಾಶೆ

ಬೇಸಗೆಯ ರಜೆಗೆಂದು ನಮ್ಮ ಮಗಳ ಮಗನು ಏಪ್ರಿಲ್ ತಿಂಗಳಿನಲ್ಲಿ ಬಂದನು. ಹನ್ನೆರಡು ವರ್ಷದ ಹುಡುಗ. ಬಂದ ಮೂರನೆಯ ದಿನವೇ ಅಟ್ಟವನ್ನು ಹತ್ತಿ, ಅಲ್ಲಿದ್ದ ತಗಡಿನ ಕೊಳವೆಯೊಂದನ್ನು ಇಳಿಸಿಕೊಂಡು, ಅದರೊಳಗಿನ ಕಾಗದದ ಸುರುಳಿಯನ್ನು ನಡುಮನೆಯಲ್ಲಿ ಬಿಡಿಸಿ ಹಾಸಿದನು. ಅದು ನಮ್ಮ ಸೋದರಮಾವನವರು ಬರೆದ ನಕಾಶೆ. ಅವರು ನಕ್ಷೆ ಬರೆಯುವ ಉದ್ಯೋಗದಲ್ಲಿದ್ದವರು. ಸಂಜೆಯ ವೇಳೆ ಆಟದ ವಿಮಾನಗಳನ್ನು ಮಾಡಿ ಹಾರಿಸುತ್ತಿದ್ದರು. ಅವರು ತೀರಿಕೊಂಡು ಬಹುಕಾಲವಾಯಿತು. ಅವರು ಮಾಡಿದ ವಿಮಾನಗಳಲ್ಲಿ ಒಂದೂ ಉಳಿದಿಲ್ಲ. ಉಳಿದುದು ಈ ಒಂದು ಹಾಳೆ ಮಾತ್ರ. ಎಂಜಿನ್ನಿಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರಿನ ನಕ್ಷೆಯದು. ಎರಡು ರೆಕ್ಕೆಗಳ ಒಟ್ಟು ಉದ್ದ 80 ಸೆಂಟಿಮೀಟರು, ಅಗಲ 12. ಕಾಗದವು ಹಳದಿಗಟ್ಟಿ ಮಡಿಕೆಗಳಲ್ಲಿ ಸೀಳಿತ್ತು; ರೆಕ್ಕೆಯ ಪಕ್ಕೆಲುಬಿನ ಆಕಾರವನ್ನು ಬರೆದಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು.

"ಇದನ್ನು ಮಾಡೋಣ ತಾತ" ಎಂದನು ಹುಡುಗ.

ಹಾಳೆಯನ್ನು ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ. ಹಾಗಾದರೆ ಹೊಸದಾಗಿ ಬರೆಯಬೇಕಷ್ಟೆ. ಹುಡುಗನು ಕಂಪ್ಯೂಟರಿನಲ್ಲಿ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶವನ್ನು ಇಳಿಸಿಕೊಟ್ಟನು. 2003ರಿಂದ ಇರುವ ಇದಕ್ಕೆ ಬೆಲೆಯಿಲ್ಲ. ಯಾರು ಬೇಕಾದರೂ ಬಳಸಬಹುದು. ಲಾಂಛನ, ಆಹ್ವಾನಪತ್ರಿಕೆ, ಭಿತ್ತಿಚಿತ್ರ ಮುಂತಾದುವಕ್ಕಾಗಿ ಇದನ್ನು ಬಳಸುವವರೇ ಹೆಚ್ಚು. ಯಂತ್ರಗಳ ನಕ್ಷೆಗೆಂದೇ ಬೇರೆ ತಂತ್ರಾಂಶಗಳುಂಟು. ಆ ವಿದ್ಯೆ ಬಲ್ಲವರು ನಮ್ಮ ಕೆಲಸವನ್ನು ನೋಡಿ ನಕ್ಕರೂ ನಗಬಹುದು. ಆದರೆ ಅವುಗಳನ್ನು ಕಲಿಯುವುದಕ್ಕೇ ಒಂದು ರಜೆ ಸಾಲದು. ಮೇಲಾಗಿ ವಿಮಾನವೆಂಬುದು ಬಹುಮಟ್ಟಿಗೆ ಬಾಗುಗೆರೆಗಳ ವಸ್ತು. ಬಾಗುಗೆರೆಯಲ್ಲಿ ಚಿತ್ರದ ತಂತ್ರಾಂಶವು ಯಾರಿಗೂ ಸೋಲುವುದಿಲ್ಲ.

ಈ ಬಾಗುಗೆರೆಯ ಸಂಗತಿಯನ್ನು ಸ್ವಲ್ಪ ಹೇಳಬೇಕು. ಹಿಂದೆ ಹಡಗು ಕಟ್ಟುವವರು ತೆಳುವಾದ ಮರದ ಪಟ್ಟಿಯನ್ನು ಬಾಗಿಸಿ, ಅದು ಜರುಗದಂತೆ ಅಲ್ಲಲ್ಲಿ ಸೀಸದ ತೂಕಗಳನ್ನಿರಿಸಿ, ಅದರ ಅಂಚಿನಲ್ಲಿ ಗೆರೆಯೆಳೆಯುತ್ತಿದ್ದರು. ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ ಇದೇ ಕಾರ್ಯವನ್ನು ಗಣಿತಕ್ಕೆ ಒಗ್ಗಿಸಿದರು. ಸಿಟ್ರೋಯೆನ್ ಸಂಸ್ಥೆಯಲ್ಲಿ ಪಾಲ್ ದ ಕಾಸ್ತೆಲ್ಜೋ ಎಂಬವರು 1959ರಲ್ಲಿಯೂ, ರೆನೋ ಸಂಸ್ಥೆಯಲ್ಲಿ ಪಿಯರ್ ಬೆಜಿಯೇ ಎಂಬವರು 1960ರ ದಶಕದಲ್ಲಿಯೂ ಇದನ್ನು ಸಾಧಿಸಿದರು. ಹೆಸರು ಮಾತ್ರ ಬೆಜಿಯೇಯವರದಾಗಿ ನಿಂತಿತು. ಗೆರೆಯ ಎರಡು ತುದಿಗಳಲ್ಲಿ ಎರಡು ಗಂಟುಗಳು. ಒಂದೊಂದು ಗಂಟಿಗೆ ಒಂದೊಂದು ಹಿಡಿ. ಹಿಡಿಯನ್ನು ಎಳೆದತ್ತ ಗೆರೆ ಬಾಗುತ್ತದೆ. ಗಂಟುಗಳು ಕಡಮೆಯಾದಷ್ಟೂ ಗೆರೆಯು ನಯವಾಗುವುದು. ಮೊದಲ ದಿನ ನಾವು ರೆಕ್ಕೆಯ ತುದಿಗೆ ಹದಿನಾಲ್ಕು ಗಂಟು ಹಾಕಿ ಹಾಗಲಕಾಯಿಯಂತೆ ಮಾಡಿದೆವು. ಹುಡುಗನು ಹನ್ನೊಂದನ್ನು ಅಳಿಸಿ ಮೂರರಲ್ಲಿ ಮುಗಿಸಿದನು.

ಹಾಳೆಯನ್ನು ಫೋನಿನಿಂದ ಚಿತ್ರ ತೆಗೆದರೆ ದೂರದ ಅಂಚು ಕುಗ್ಗಿ ಕಾಣುತ್ತದೆ. ಆದುದರಿಂದ ಜೆರಾಕ್ಸ್ ಅಂಗಡಿಯ ದೊಡ್ಡ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಚಿತ್ರದ ಗೆರೆಗಳನ್ನು ತಂತ್ರಾಂಶವೇ ಗುರುತಿಸಿ ಬರೆದುಕೊಳ್ಳುವ ಉಪಾಯವೊಂದುಂಟು. ಅದನ್ನು ನಂಬತಕ್ಕದ್ದಲ್ಲ. ಒಂದು ಗೆರೆಗೆ ಎರಡು ಅಂಚುಗಳೆಂದು ಎಣಿಸಿ ಎರಡು ಗೆರೆ ಬರೆಯುತ್ತದೆ. ಕಾಗದದ ಕಲೆಗಳನ್ನೂ ವಿಮಾನದ ಅಂಗಗಳನ್ನಾಗಿ ಮಾಡುತ್ತದೆ. ಸ್ಕ್ಯಾನನ್ನು ಕೆಳಗಿನ ಪದರದಲ್ಲಿರಿಸಿ ಬೀಗ ಹಾಕಿ, ಮೇಲಿನ ಪದರದಲ್ಲಿ ಕೈಯಿಂದಲೇ ತಿದ್ದಬೇಕು. ಒಂದು ಕಡೆಯ ರೆಕ್ಕೆಯನ್ನು ಬರೆದರೆ ಸಾಕು. ಇನ್ನೊಂದು ಅದರ ಪ್ರತಿಬಿಂಬ.

ಕಾಗದವು ವಯಸ್ಸಿನೊಡನೆ ಕುಗ್ಗುವುದರಿಂದ ಮೊದಲು ಅದರ ಅಳತೆಯನ್ನು ನೇರ್ಪಡಿಸಬೇಕಾಗಿತ್ತು. ಮಾವನವರು ಹಾಳೆಯ ಬುಡದಲ್ಲಿ ಒಂದು ಉದ್ದನೆಯ ಗೆರೆಯೆಳೆದು 200 ಮಿ.ಮೀ. ಎಂದು ಬರೆದಿದ್ದರು. ನಾವು ಅಳೆದಾಗ ಅದು 198 ಇದ್ದಿತು. ಸ್ಕ್ಯಾನನ್ನು ಆ ಗೆರೆಯು 200 ಆಗುವವರೆಗೆ ಹಿಗ್ಗಿಸಿದೆವು. ರೆಕ್ಕೆಯ ಅಗಲವು ಸರಿಯಾಗಿ 120ಕ್ಕೆ ಬಂದು ನಿಂತಿತು. ಆ ಗೆರೆಯ ಉಪಯೋಗವನ್ನು ಹೀಗೆ ಕಣ್ಣಾರೆ ಕಂಡೂ, ನಮ್ಮ ಹೊಸ ನಕ್ಷೆಯಲ್ಲಿ ಅದನ್ನು ಬರೆಯದೆ ಬಿಟ್ಟೆವು. ಚಿತ್ರದ ಅಂದ ಕೆಡುತ್ತದೆಂದು ನಮಗೆ ತೋರಿತು.

ಇನ್ನು ಗೆದ್ದಲು ತಿಂದ ಪಕ್ಕೆಲುಬು. ಅದರ ಪಕ್ಕದಲ್ಲಿ 4412 ಎಂದು ಮಾವನವರ ಕೈಬರಹವಿದ್ದಿತು. ಅದು ಹಾಳೆಯ ಕ್ರಮಸಂಖ್ಯೆಯೆಂದೇ ನಾವು ನಲವತ್ತು ವರ್ಷ ತಿಳಿದಿದ್ದೆವು. ಹುಡುಗನು ಒಂದು ನಿಮಿಷದಲ್ಲಿ ಹುಡುಕಿ ಅದರ ಅರ್ಥವನ್ನು ಹೇಳಿದನು. ಅಮೆರಿಕದ ನಾಕಾ ಎಂಬ ವಿಮಾನ ಸಂಶೋಧನ ಮಂಡಲಿಯು 1933ರಲ್ಲಿ ಪ್ರಕಟಿಸಿದ ರೆಕ್ಕೆಯ ಆಕಾರಗಳಲ್ಲಿ ಇದೂ ಒಂದು. ಮೊದಲ ಅಂಕೆ 4 ಎಂದರೆ ರೆಕ್ಕೆಯ ನಡುಗೆರೆಯ ಬಾಗು ಅಗಲದ ನೂರಕ್ಕೆ ನಾಲ್ಕು. ಎರಡನೆಯ 4 ಎಂದರೆ ಆ ಬಾಗು ಅತ್ಯಧಿಕವಾಗಿರುವ ಸ್ಥಾನ ಮುಂದಣ ಅಂಚಿನಿಂದ ನೂರಕ್ಕೆ ನಲವತ್ತು. ಕಡೆಯ 12 ಎಂದರೆ ದಪ್ಪವು ನೂರಕ್ಕೆ ಹನ್ನೆರಡು. ನಮ್ಮ 120 ಮಿಲಿಮೀಟರಿನ ರೆಕ್ಕೆಗೆ ಬಾಗು 4.8, ಅದರ ಸ್ಥಾನ 48, ದಪ್ಪ 14.4. ಸೂತ್ರಕಾರರು ಅರ್ಧ ಮಾತ್ರೆಯನ್ನು ಉಳಿಸಿದರೆ ಮಗ ಹುಟ್ಟಿದಷ್ಟು ಸಂತೋಷಪಡುವರೆಂದು ವೈಯಾಕರಣರಲ್ಲಿ ಒಂದು ಮಾತುಂಟು. ನಾಲ್ಕು ಅಂಕೆಗಳಲ್ಲಿ ಒಂದು ರೆಕ್ಕೆಯನ್ನು ಅಡಗಿಸಿದವರ ಸಂತೋಷ ಎಷ್ಟಿದ್ದಿತೋ! ಇಲಿನಾಯ್ ವಿಶ್ವವಿದ್ಯಾನಿಲಯದವರು ಸಾವಿರಕ್ಕೂ ಮೀರಿದ ಇಂತಹ ಆಕಾರಗಳ ಬಿಂದುಗಳನ್ನು ಕೋಷ್ಟಕ ಮಾಡಿ ಎಲ್ಲರಿಗೂ ಒದಗಿಸಿದ್ದಾರೆ. ಬಿಂದುಗಳನ್ನಿಟ್ಟು, ಗೆರೆಯನ್ನು ಹೊಂದಿಸಿದೆವು. ಪಕ್ಕೆಲುಬು ಹೊಟ್ಟೆ ಮೇಲಾಗಿ ಬಂದಿತು! ಈ ತಂತ್ರಾಂಶದಲ್ಲಿ 2020ರ 1.0ನೆಯ ಆವೃತ್ತಿಯಿಂದ ಎತ್ತರವನ್ನು ಹಾಳೆಯ ಮೇಲಂಚಿನಿಂದ ಕೆಳಮುಖವಾಗಿ ಎಣಿಸುವುದು ರೂಢಿ. ಶಾಲೆಯ ಗ್ರಾಫ್ ಕಾಗದದ ಅಭ್ಯಾಸವುಳ್ಳವರು ಮೋಸಹೋಗುತ್ತಾರೆ. ತಿರುಗಿಸಿದೆವು. ಮಾವನವರ ಹಾಳೆಯಲ್ಲಿ ಗೆದ್ದಲು ಬಿಟ್ಟಿದ್ದ ಮೂಗಿನ ತುಣುಕಿನ ಮೇಲೆ ಇಟ್ಟು ನೋಡಿದರೆ ಗೆರೆಯ ಮೇಲೆ ಗೆರೆ ಕೂತಿತು. ಆಗ ನಾವು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಸಂಸ್ಕೃತ ಬಲ್ಲವರು ವಿಮಾನದ ನಕ್ಷೆ ಬರೆಯುತ್ತಿದ್ದಾರೆಂದು ತಿಳಿದು ನೆರೆಮನೆಯ ಮಹನೀಯರೊಬ್ಬರು ಬಂದು, ವೈಮಾನಿಕ ಶಾಸ್ತ್ರದಿಂದಲೋ ಎಂದು ವಿಚಾರಿಸಿದರು. ಆ ಗ್ರಂಥವು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೇಳಿ ಬರೆಯಿಸಿದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಅದನ್ನು ಪರೀಕ್ಷಿಸಿ, ಅಲ್ಲಿಯ ವಿಮಾನಗಳು ಹಾರತಕ್ಕವಲ್ಲವೆಂದು ತೋರಿಸಿದರು. ನಮಗೆ ಈ ಕೆಲಸದಲ್ಲಿ ನೆನಪಾದುದು ಬೇರೆ ಹಕ್ಕಿ. ಬೌಧಾಯನನೇ ಮೊದಲಾದವರ ಶುಲ್ಬಸೂತ್ರಗಳಲ್ಲಿ ಗಿಡುಗನ ಆಕಾರದ ಯಜ್ಞವೇದಿಯನ್ನು ಹಗ್ಗದಿಂದ ಅಳೆದು ಕಟ್ಟುವ ವಿಧಿಯುಂಟು. ಮೊದಲ ವೇದಿಯ ವಿಸ್ತೀರ್ಣ ಏಳೂವರೆ ಚದರ ಪುರುಷ, ಮುಂದಿನದು ಎಂಟೂವರೆ. ವಿಸ್ತೀರ್ಣವು ಹೆಚ್ಚಬೇಕು, ಆಕಾರವು ಕೆಡಕೂಡದು. ಹೆಚ್ಚಿಸಬೇಕಾದ ಒಂದನ್ನು ಹದಿನೈದು ಭಾಗ ಮಾಡಿ, ಒಂದೊಂದು ಪುರುಷಕ್ಕೆ ಎರಡೆರಡು ಭಾಗ ಸೇರಿಸಿ, ಆ ಹೊಸ ಚೌಕದ ಬದಿಯನ್ನೇ ಅಳತೆಗೋಲಾಗಿ ಹಿಡಿದರು.

ಇದನ್ನು ಹೇಳಲು ಕಾರಣವುಂಟು. "ಎರಡರಷ್ಟು ದೊಡ್ಡದು ಮಾಡೋಣವೆ ತಾತ? ಒಂದು ಗುಂಡಿ ಒತ್ತಿದರೆ ಆಯಿತು" ಎಂದು ಹುಡುಗನು ಕೇಳಿದನು. ಒತ್ತಿದರೆ ಗೆರೆಗಳು ಇಮ್ಮಡಿಯಾಗುತ್ತವೆ, ರೆಕ್ಕೆಯ ವಿಸ್ತೀರ್ಣವು ನಾಲ್ಮಡಿಯಾಗುತ್ತದೆ. ಮರದ ದಪ್ಪವೂ ಇಮ್ಮಡಿಸಿದರೆ ತೂಕ ಎಂಟು ಮಡಿ. ರೆಕ್ಕೆಯ ಒಂದೊಂದು ಅಂಗುಲವೂ ಮೊದಲಿನ ಎರಡರಷ್ಟು ಭಾರವನ್ನು ಹೊರಬೇಕು. ಇನ್ನೊಂದು ತೊಡಕು: ಪಕ್ಕೆಲುಬಿನಲ್ಲಿ ತೊಲೆ ಕೂರುವುದಕ್ಕೆ ಬರೆದ 3 ಮಿಲಿಮೀಟರಿನ ಕಚ್ಚು 6 ಆಗುತ್ತದೆ, ನಮ್ಮ ಡಬ್ಬಿಯಲ್ಲಿರುವ ತೊಲೆ 3 ಮಿಲಿಮೀಟರಿನದೇ. ಕಚ್ಚುಗಳನ್ನು ಬೇರೆಯಾಗಿ ಪುನಃ ಬರೆಯಬೇಕು. ಕಚ್ಚಿನ ಅಳತೆಯಲ್ಲಿ ಇನ್ನೂ ಒಂದು ಮೋಸವುಂಟು. ತಂತ್ರಾಂಶವು ತಾನಾಗಿ ತೋರಿಸುವ ಅಗಲದಲ್ಲಿ ಗೆರೆಯ ದಪ್ಪವೂ ಸೇರಿರುತ್ತದೆ. ಅರ್ಧ ಮಿಲಿಮೀಟರು ದಪ್ಪದ ಗೆರೆಯಿಂದ ಬರೆದ 3 ಮಿಲಿಮೀಟರಿನ ಕಚ್ಚು 3.5 ಎಂದು ಕಾಣುತ್ತದೆ. ಆಯ್ಕೆಗಳಲ್ಲಿ ಜ್ಯಾಮಿತಿಯ ಅಳತೆಯನ್ನೇ ತೋರಿಸುವಂತೆ ಬದಲಾಯಿಸಿಕೊಳ್ಳಬೇಕು.

ಇಷ್ಟೆಲ್ಲ ಜಾಗರೂಕತೆಯ ಮೇಲೆ ತಪ್ಪು ನಡೆದುದು ಕಡೆಯ ಹೆಜ್ಜೆಯಲ್ಲಿ, ನಮ್ಮ ಕೈಯಿಂದಲೇ. ವಿಮಾನದ ಒಡಲು ಉದ್ದವಾದುದರಿಂದ ಅದನ್ನು ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಮುದ್ರಿಸಿ ತಂದಿದ್ದೆವು. ರೆಕ್ಕೆಯನ್ನೂ ಪಕ್ಕೆಲುಬುಗಳನ್ನೂ ಮನೆಯ ಮುದ್ರಣಯಂತ್ರದಲ್ಲಿ ಎ4 ಹಾಳೆಗಳ ಮೇಲೆ ತೆಗೆದು ಅಂಟಿಸಿದೆವು. ಮುದ್ರಿಸುವಾಗ ತೆರೆಯುವ ಕಿಟಕಿಯಲ್ಲಿ "ಫಿಟ್ ಟು ಪೇಜ್" ಎಂಬುದರ ಮೇಲೆ ಗುರುತು ಬಿದ್ದಿತ್ತು. ಹಾಳೆಯ ಅಂಚಿನವರೆಗೆ ಮಸಿ ಹಾಕಲಾರದ ಯಂತ್ರವು ಚಿತ್ರವನ್ನೇ ಕುಗ್ಗಿಸಿತು, ನೂರಕ್ಕೆ ತೊಂಬತ್ತೇಳು. ಕಣ್ಣಿಗೆ ಇದು ಕಾಣುವುದಿಲ್ಲ. ಹುಡುಗನು ಬೆಂಗಳೂರಿನಿಂದ ತರಿಸಿದ ಬಾಲ್ಸಾ ಹಲಗೆಯಲ್ಲಿ ಹದಿನೇಳು ಪಕ್ಕೆಲುಬುಗಳನ್ನು ಎರಡು ದಿನ ಕೂತು ಕೊಯ್ದನು. ತೊಲೆಯನ್ನು ಕಚ್ಚಿಗೆ ಕೂರಿಸುವಾಗ ಬಿಗಿಯಾಗಿ ಎರಡು ಸೀಳಿದುವು. "ಬಿಗಿಯಾಗಿದೆ ತಾತ" ಎಂದನು. ಮರವು ಸೆಕೆಗೆ ಉಬ್ಬಿರಬೇಕು, ಉಜ್ಜಿ ಕೂರಿಸು ಎಂದೆವು. ಅವನು ಉಜ್ಜಿದನು. ರೆಕ್ಕೆ ಮುಗಿದು, ಒಡಲಿನ ಮೇಲೆ ಇಟ್ಟಾಗ, 120 ಮಿಲಿಮೀಟರಿನ ಪೀಠದ ಮೇಲೆ 116ಕ್ಕಿಂತ ತುಸು ಹೆಚ್ಚಿನ ರೆಕ್ಕೆ ನಿಂತಿತು. ಹಿಂದೆ ಮೂರೂವರೆ ಮಿಲಿಮೀಟರಿನ ಸಂದು.

ಒಂದು ಚಕ್ಕೆ ತುರುಕಿದರೆ ಯಾರಿಗೂ ತಿಳಿಯದೆಂದು ನಾವು ಹೇಳಿದೆವು, ಹೇಳಬಾರದಾಗಿತ್ತು. ಹುಡುಗನು ಮುಖವೆತ್ತದೆ, "ನಿಮ್ಮ ಮಾವ ಬರೆದದ್ದು ನೂರಾ ಇಪ್ಪತ್ತಲ್ಲವೆ?" ಎಂದನು. ಹೊಸ ಹಲಗೆ ಬರಲು ಐದು ದಿನ ಬೇಕು. ಅವನು ಊರಿಗೆ ಹೊರಡಲು ಎಂಟು ದಿನಗಳಿದ್ದುವು. ತರಿಸಿದೆವು. ಆ ರಾತ್ರಿಯೇ ನಕ್ಷೆಯ ಬುಡದಲ್ಲಿ ನೂರು ಮಿಲಿಮೀಟರಿನ ಎರಡು ಗೆರೆಗಳನ್ನು ಎಳೆದೆವು, ಒಂದು ಅಡ್ಡ, ಒಂದು ಉದ್ದ. ಕೆಲವು ಯಂತ್ರಗಳು ಒಂದು ದಿಕ್ಕಿನಲ್ಲಿ ಮಾತ್ರ ಅಳತೆ ತಪ್ಪುವುದುಂಟು. ಈ ಗೆರೆಯಿಂದ ಇನ್ನೊಂದು ಪ್ರಯೋಜನವೂ ಇದೆ. ಇಂಕ್‌ಸ್ಕೇಪಿನ 2017ರ ಆವೃತ್ತಿಯಲ್ಲಿ ಒಂದು ಅಂಗುಲಕ್ಕೆ 90 ಚುಕ್ಕೆಗಳೆಂಬ ಲೆಕ್ಕವು 96 ಎಂದು ಬದಲಾಯಿತು. ಅದಕ್ಕೆ ಹಿಂದಿನ ಕಡತಗಳು ಕೆಲವೊಮ್ಮೆ ನೂರಕ್ಕೆ ಸುಮಾರು 94ರಂತೆ ತೆರೆದುಕೊಳ್ಳುತ್ತವೆ. ಗೆರೆಯಿದ್ದರೆ ಸಿಕ್ಕಿಬೀಳುತ್ತವೆ. ಮುದ್ರಿಸುವಾಗ "ಆಕ್ಚುಯಲ್ ಸೈಜ್" ಎಂಬುದನ್ನೇ ಆರಿಸಿ, ಮೊದಲ ಹಾಳೆ ಹೊರಬಿದ್ದೊಡನೆ ಅಳತೆಪಟ್ಟಿಯನ್ನಿಟ್ಟು ನೋಡಿ, ಆಮೇಲೆ ಚಾಕುವನ್ನು ಹಿಡಿಯತಕ್ಕದ್ದು.

ಹೊರಡುವ ಮುನ್ನಾದಿನ ಬೆಳಗ್ಗೆ ಆರು ಗಂಟೆಗೆ, ಗಾಳಿಯೇಳುವ ಮೊದಲು, ಮೈದಾನಕ್ಕೆ ಹೋದೆವು. ನಕ್ಷೆಯಲ್ಲಿ ಗುರುತು ಮಾಡಿದ್ದ ಜಾಗದಲ್ಲಿ, ಮುಂದಣ ಅಂಚಿನಿಂದ 40 ಮಿಲಿಮೀಟರಿಗೆ, ಎರಡು ಬೆರಳ ತುದಿಗಳ ಮೇಲೆ ವಿಮಾನವು ತಕ್ಕಡಿಯಂತೆ ನಿಲ್ಲುವವರೆಗೆ ಮೂಗಿಗೆ ಸೀಸದ ಚೂರುಗಳನ್ನು ಅಂಟಿಸಿದ್ದೆವು. ಮೊದಲ ಎಸೆತದಲ್ಲಿ ಮೂಗೆತ್ತಿ, ತಡೆದು, ಬಿದ್ದಿತು. ಇನ್ನೊಂದು ಚೂರು ಅಂಟಿಸಿದ ಮೇಲೆ ಮೈದಾನದ ಅರ್ಧವನ್ನು ಸದ್ದಿಲ್ಲದೆ ದಾಟಿ ಹುಲ್ಲಿನ ಮೇಲೆ ಇಳಿಯಿತು. ನಮ್ಮ ಮನೆಯವರು ಮಾವನವರ ಕಾಲದ ವಿಮಾನವನ್ನು ಕಂಡವರು. ಅದೇ ಥರ ಸ್ವಲ್ಪ ಎಡಕ್ಕೆ ವಾಲುತ್ತದೆ ಎಂದರು.

ಸಂಜೆ ಹುಡುಗನು ತನ್ನ ಸ್ನೇಹಿತನಿಗೆಂದು ಇನ್ನೊಂದು ಪ್ರತಿಯನ್ನು ಮುದ್ರಿಸಿದನು. ನಾವು ಪಟ್ಟಿಯನ್ನಿಟ್ಟು ನೂರು ಸರಿಯಾಗಿದೆ ಎಂದೆವು. ಅವನು ನಮ್ಮ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹೋಗಿ, "ತೊಂಬತ್ತೊಂಬತ್ತೂವರೆ ತಾತ" ಎಂದು ಹಾಳೆಯನ್ನು ಹರಿದು ಹಾಕಿದನು.