ಹುಲಿಯುಗುರು ಬೇಡ ಅಜ್ಜಿ...

ಹೋದ ತಿಂಗಳು ಕೊಪ್ಪದಿಂದ ಅಮ್ಮನ ಫೋನು. ಅಕ್ಕನ ಮಗುವಿನ ನಾಮಕರಣಕ್ಕೆ ದಿನ ನಿಶ್ಚಯ ಆಗಿದೆ, ಎರಡು ದಿನ ಮೊದಲೇ ಬಾ ಅಂತ. ಹಿಂದಿನಿಂದ ಅಜ್ಜಿಯ ದನಿ: "ಆ ಹುಲಿಯುಗುರು ಎಲ್ಲಿಟ್ಟಿದ್ದಾರೆ ಅಂತ ಅವನಿಗಾದ್ರೂ ಗೊತ್ತಿದ್ಯಾ ಕೇಳೇ." ಅಮ್ಮ ಫೋನನ್ನ ಕೈಯಲ್ಲಿ ಮುಚ್ಚಿಕೊಂಡು ಏನೋ ಗದರಿದ್ದು ಕೇಳಿಸಿತು. ಆಮೇಲೆ ಮಾತು ಅಡಿಕೆ ರೇಟಿಗೆ ಹೋಯಿತು.

ನಮ್ಮನೆಯ ಹುಲಿಯುಗುರನ್ನ ನಾನು ಸರಿಯಾಗಿ ನೋಡಿದ್ದು ಫೋಟೋದಲ್ಲೇ. ನನಗೆ ಎಂಟೋ ಒಂಬತ್ತೋ ತಿಂಗಳು, ಕೊರಳಲ್ಲಿ ಕಪ್ಪು ದಾರ, ದಾರದಲ್ಲಿ ಡಾಲರು. ಎರಡು ಉಗುರುಗಳ ಬುಡ ಸೇರಿಸಿ, ತುದಿ ಆಚೆ ಈಚೆ ಬರುವ ಹಾಗೆ ಅರ್ಧಚಂದ್ರದ ಆಕಾರಕ್ಕೆ ಜೋಡಿಸಿ, ಬುಡಕ್ಕೆ ಚಿನ್ನ ಕಟ್ಟಿಸಿದ್ದು. ಚಿನ್ನದ ಮೇಲೆ ಸಣ್ಣ ಹೂಬಳ್ಳಿ. ಮಾಡಿದ್ದು ಕೊಪ್ಪದ ಶೇಟ್ರೊಬ್ಬರು, ಗುಲಗಂಜಿ ಲೆಕ್ಕದಲ್ಲಿ ಚಿನ್ನ ತೂಗುತ್ತಿದ್ದ ಕಾಲದಲ್ಲಿ. ಉಗುರು ತಂದದ್ದು ಮುತ್ತಜ್ಜ, ನರಸಿಂಹರಾಜಪುರದ ಕಡೆಯ ಒಬ್ಬ ಶಿಕಾರಿಯಿಂದ. ನಮ್ಮಪ್ಪ, ಚಿಕ್ಕಪ್ಪಂದಿರು, ಅಕ್ಕ, ನಾನು ಎಲ್ಲರ ಕೊರಳಿಗೂ ಅದು ಬಿದ್ದಿದೆ. ದೃಷ್ಟಿ ತಾಗಬಾರದು, ಮಗು ರಾತ್ರಿ ಬೆಚ್ಚಿಬೀಳಬಾರದು ಅಂತ. (ನಾನು ರಾತ್ರಿಯಿಡೀ ಅಳ್ತಿದ್ದೆ ಅಂತ ಅಮ್ಮನೇ ಹೇಳ್ತಾರೆ, ಅದು ಬೇರೆ ವಿಷಯ :-) )

ಈಗ ಅದು ಎಲ್ಲಿದೆ? ಅದನ್ನ ಹೇಳಬೇಕು ಅಂದ್ರೆ 2023ರ ಅಕ್ಟೋಬರಿಗೆ ಹೋಗಬೇಕು. ಬಿಗ್ ಬಾಸ್ ಸ್ಪರ್ಧಿಯೊಬ್ಬರನ್ನ ಹುಲಿಯುಗುರಿನ ಪೆಂಡೆಂಟ್ ಹಾಕಿಕೊಂಡಿದ್ದಕ್ಕೆ ಅರಣ್ಯ ಇಲಾಖೆಯವರು ಬಂಧಿಸಿದ್ದು ನಿಮಗೆಲ್ಲ ನೆನಪಿರಬೇಕು. ಆಮೇಲೆ ಒಂದು ವಾರ ಇಡೀ ರಾಜ್ಯ ಬೇರೆಯವರ ಕೊರಳು ನೋಡೋದೇ ಕೆಲಸ ಮಾಡಿಕೊಂಡಿತ್ತು. ಸಿನಿಮಾದವರ, ರಾಜಕಾರಣಿಗಳ ಹಳೇ ಫೋಟೋ ಎಲ್ಲ ಹೊರಬಂತು. ಅದು ನಮ್ಮ ಕಡೆಗೂ ಬಂತು. ಬಾಳೆಹೊನ್ನೂರು ಹತ್ತಿರದ ಖಾಂಡ್ಯದಲ್ಲಿ ದೇವಸ್ಥಾನದ ಇಬ್ಬರು ಅರ್ಚಕರ ಬಂಧನವಾಯಿತು. ನಮ್ಮ ಜಿಲ್ಲೆಯ ಅರಣ್ಯಾಧಿಕಾರಿಯೊಬ್ಬರ ಮೇಲೇ ಉಗುರು ಧರಿಸಿದ ಆರೋಪ ಬಂತು. ಆ ವಾರ ಮಲೆನಾಡಿನಲ್ಲಿ ಎಷ್ಟು ಆಲ್ಬಮ್ಮುಗಳಿಂದ ಫೋಟೋ ಕಿತ್ತರೋ, ಎಷ್ಟು ಪೆಟ್ಟಿಗೆಗಳು ಅಟ್ಟದಿಂದ ಕೆಳಗಿಳಿದವೋ ದೇವರಿಗೇ ಗೊತ್ತು. ನನ್ನ ಆ ಫೋಟೋ ಕೂಡ ಗೋಡೆಯಿಂದ ಇಳಿಯಿತು.

ಉಗುರನ್ನ ಹರಿಹರಪುರದಲ್ಲಿ ತುಂಗೆಗೆ ಎಸೆದು ಬಂದೆ ಅಂತಾರೆ ಚಿಕ್ಕಪ್ಪ. ಎಸೆದದ್ದನ್ನ ಯಾರೂ ನೋಡಿಲ್ಲ. ಚಿನ್ನ ಬಿಚ್ಚಿಕೊಂಡು ಎಸೆದ್ರಾ, ಚಿನ್ನದ ಸಮೇತ ಎಸೆದ್ರಾ ಅಂತ ಕೇಳಿದರೆ "ನಿಂಗೆ ಎಂತಕ್ಕೆ ಮಾರಾಯ ಅದೆಲ್ಲ" ಅಂತಾರೆ. ಅಪ್ಪನ ಪ್ರಕಾರ ಅದು ಮನೇಲೇ ಎಲ್ಲೋ ಇದೆ. ಅಜ್ಜಿಯ ಪ್ರಕಾರವೂ ಅಷ್ಟೇ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪೋಸ್ಟ್ ಬರೀತಿರಲಿಲ್ಲ. ಮೊನ್ನೆ ಅಕ್ಕ ಮೆಸೇಜ್ ಮಾಡಿದಳು. ನೆಂಟರೊಬ್ಬರು ಹೇಳಿದಾರಂತೆ, ಹಳೇದು ಸಿಗದಿದ್ರೆ ಬೇಡ, ಗೊತ್ತಿದ್ದವರಿದಾರೆ, ಒರಿಜಿನಲ್ಲೇ ತರಿಸಿಕೊಡ್ತೀನಿ, ಸ್ವಲ್ಪ ದುಡ್ಡಾಗುತ್ತೆ ಅಷ್ಟೇ ಅಂತ. "ಎಂತ ಮಾಡೋದು ಹೇಳೋ, ಅಜ್ಜಿ ಆಸೆ" ಅಂತ ಅಕ್ಕ.

ನಂಗೆ ನಿಜಕ್ಕೂ ಸಿಟ್ಟು ಬಂತು. ಹಳೇ ಉಗುರಿನ ಬಗ್ಗೆ ನಾವು ಏನೇನೋ ಸಮಾಧಾನ ಹೇಳ್ಕೋಬಹುದು. ಮುತ್ತಜ್ಜನ ಕಾಲ, ಆಗ ಶಿಕಾರಿ ತಪ್ಪಾಗಿರಲಿಲ್ಲ, ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ ಓದಿ ಬೆಳೆದವರು ನಾವು, ಇತ್ಯಾದಿ. ಆದರೆ ಹೊಸ ಉಗುರು ಎಲ್ಲಿಂದ ಬರುತ್ತೆ? ಹುಲಿಗೆ ಒಟ್ಟು 18 ಉಗುರು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ನಮ್ಮನೆಯ ಥರದ ಜೋಡಿ ಉಗುರಿನ ಡಾಲರಾದರೆ ಒಂದು ಹುಲಿಗೆ ಒಂಬತ್ತು. 2022ರ ಅಂದಾಜಿನಲ್ಲಿ ಕರ್ನಾಟಕದಲ್ಲಿದ್ದ ಹುಲಿಗಳು 563. ಅಷ್ಟನ್ನೂ ಕೊಂದರೂ 5,067 ಮಕ್ಕಳ ಕೊರಳಿಗಾಗುತ್ತೆ. ಸತ್ತು ಸಿಕ್ಕ ಹುಲಿಯ ಉಗುರು ಇರಬಹುದಲ್ವಾ ಅಂದ್ರೆ, ಇಲ್ಲ. ಕಾಡಿನಲ್ಲಿ ಸತ್ತ ಹುಲಿ ಇಲಾಖೆಗೆ ಸಿಕ್ಕರೆ ಉಗುರು, ಹಲ್ಲು ಎಲ್ಲ ಇದೆಯಾ ನೋಡಿ, ಪೋಸ್ಟ್‌ಮಾರ್ಟಂ ಮಾಡಿ ಸುಟ್ಟುಬಿಡ್ತಾರೆ. ಹಾಗಾಗಿ ಇವತ್ತು ಯಾರಾದರೂ ಒರಿಜಿನಲ್ ತಂದುಕೊಡ್ತೀನಿ ಅಂದರೆ, ಒಂದೋ ಯಾರೋ ಹುಲಿ ಕೊಂದಿದಾರೆ, ಇಲ್ಲಾ ಯಾರದೋ ಮನೆಯ ಹಳೇದನ್ನ ಕದ್ದು ಮಾರ್ತಿದಾರೆ, ಇಲ್ಲಾ ದನದ ಕೋಡು ಉಜ್ಜಿ ಉಗುರು ಮಾಡಿ ನಮಗೆ ಟೋಪಿ ಹಾಕ್ತಿದಾರೆ. ಮೂರನೆಯದೇ ಆಗಿರಲಿ ಅಂತ ನಾನು ಪ್ರಾರ್ಥನೆ ಮಾಡೋ ಪರಿಸ್ಥಿತಿ!

ಇದೇ ಹೊತ್ತಿಗೆ ಒಂದು ತಮಾಷೆ ಆಯಿತು. ನಮ್ಮ ಟೀಮಿನವನೊಬ್ಬ ಆನ್‌ಸೈಟ್ ಮುಗಿಸಿ ಅಮೆರಿಕದ ಅರಿಜೋನಾದಿಂದ ಬಂದ. ಹೆಂಡತಿಗೆ ಅಂತ ಬೆಳ್ಳಿಯ ಬಳೆ ತಂದಿದ್ದ, ಅದರಲ್ಲಿ ಟರ್ಕಾಯ್ಸ್ ಕಲ್ಲು, ನಮ್ಮ ಕಡೆ ಫಿರೋಜಾ ಅಂತಾರಲ್ಲ, ಅದು. ಅಲ್ಲಿಯ ಮೂಲನಿವಾಸಿಗಳಾದ ನವಾಹೋ ಜನ ಕೈಯಲ್ಲೇ ಮಾಡಿದ್ದಂತೆ. ಬೆಲೆ ಕೇಳಿ ನಾನು ಸುಮ್ಮನಾದೆ. "ಇದು ಒರಿಜಿನಲ್ ಹೌದೋ ಅಲ್ವೋ ಹೇಗೆ ಗೊತ್ತಾಗುತ್ತೆ?" ಅಂತ ಅವನಿಗೆ ಚಿಂತೆ. ಅವನಿಗಿಂತ ಜಾಸ್ತಿ ಕೂತು ಓದಿದವನು ನಾನು.

ನವಾಹೋ ಜನ ಬೆಳ್ಳಿ ಕೆಲಸ ಕಲಿತದ್ದೇ ಹತ್ತೊಂಬತ್ತನೇ ಶತಮಾನದ ನಡುವೆ, ಮೆಕ್ಸಿಕನ್ ಕುಶಲಕರ್ಮಿಗಳಿಂದ. ಬೆಳ್ಳಿಗೆ ಫಿರೋಜಾ ಕೂರಿಸೋದು ಶುರುವಾದದ್ದು 1880ರ ಆಸುಪಾಸು. ಅಲ್ಲಿ ಒಳ್ಳೆಯ ಕಲ್ಲು ಈಗ ಅಪರೂಪ. ಅರಿಜೋನಾದ ಸ್ಲೀಪಿಂಗ್ ಬ್ಯೂಟಿ ಅನ್ನೋ ಹೆಸರಾಂತ ಗಣಿ 2012ರಲ್ಲಿ ಫಿರೋಜಾ ತೆಗೆಯೋದು ನಿಲ್ಲಿಸಿತು, ಆ ಕಲ್ಲಿಗೆ ಬೆಲೆ ಏರಿತು. ಬೆಲೆ ಏರಿದ ಕಡೆ ನಕಲಿ ಬರಲೇಬೇಕಲ್ಲ. ಹೌಲೈಟ್ ಅನ್ನೋ ಬಿಳಿ ಕಲ್ಲಿಗೆ ನೀಲಿ ಬಣ್ಣ ಹಾಕಿ ಮಾರ್ತಾರೆ. ಎಲ್ಲೋ ಫ್ಯಾಕ್ಟರಿಯಲ್ಲಿ ಮಾಡಿದ್ದನ್ನ ಮೂಲನಿವಾಸಿಗಳು ಮಾಡಿದ್ದು ಅಂತ ಮಾರಿದರೆ ಶಿಕ್ಷೆ ಕೊಡೋಕೆ ಅಂತಲೇ ಅವರಲ್ಲಿ 1990ರ ಕಾನೂನು ಇದೆ.

ಓದ್ತಾ ಓದ್ತಾ ಅನ್ನಿಸಿದ್ದು ಇದು: ಅಲ್ಲಿ ನಕಲಿ ಅಪರಾಧ, ಇಲ್ಲಿ ಅಸಲಿಯೇ ಅಪರಾಧ. ಅವರ ಕಲ್ಲು ಖಾಲಿಯಾದರೆ ಒಂದು ಗಣಿ ಮುಚ್ಚುತ್ತೆ, ಕುಶಲಕರ್ಮಿ ಬೇರೆ ಗಣಿಯ ಕಲ್ಲು ಹುಡುಕ್ತಾನೆ. ನಮ್ಮದು ಖಾಲಿಯಾದರೆ? ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಅಂತ ಗೊತ್ತಾದದ್ದು 2005ರಲ್ಲಿ. ಅದು ಹೆಸರಿಗೆ ಹುಲಿ ಅಭಯಾರಣ್ಯವೇ ಆಗಿತ್ತು. ಮೂವತ್ತು ವರ್ಷದ ಪ್ರಾಜೆಕ್ಟ್ ಟೈಗರ್ ಆದಮೇಲೆ ಆ ಸ್ಥಿತಿ.

ನಕಲಿ ಉಗುರೇ ಹಾಕಿದರೆ ಆಯ್ತಲ್ಲ ಅಂತ ಅಕ್ಕ ಕೇಳಿದಳು. ನನಗೆ ಅದೂ ಸರಿ ಕಾಣಲಿಲ್ಲ. ನಕಲಿ ಹಾಕಿದವನ ಪಕ್ಕದಲ್ಲೇ ಅಸಲಿ ಬೇಕು ಅನ್ನೋ ಹತ್ತು ಜನ ಹುಟ್ಟಿಕೊಳ್ತಾರೆ. ಮೇಲಾಗಿ ನಮ್ಮ ಕಾನೂನಿನಲ್ಲಿ ಕೈಯಲ್ಲಿ ವನ್ಯಜೀವಿಯ ವಸ್ತು ಸಿಕ್ಕಿದರೆ ಅದು ನ್ಯಾಯವಾಗಿ ಬಂದದ್ದು ಅಂತ ಸಾಬೀತು ಮಾಡಬೇಕಾದ್ದು ನಾವೇ. ಅದು ನಕಲಿ ಅಂತ ಲ್ಯಾಬಿನಲ್ಲಿ ತೀರ್ಮಾನ ಆಗೋವರೆಗೆ ಅಕ್ಕ-ಭಾವ ಸ್ಟೇಷನ್ನಿಗೆ ಅಲೆಯಬೇಕಾ?

ಕಾನೂನಿನ ಬಗ್ಗೆಯೂ ನನಗೆ ತಕರಾರಿದೆ, ಮುಚ್ಚಿಡಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಮನೆಯಲ್ಲಿದ್ದ ಇಂಥ ವಸ್ತುಗಳನ್ನ 30 ದಿನದೊಳಗೆ ಘೋಷಿಸಿಕೊಳ್ಳಬೇಕಿತ್ತು. 2003ರಲ್ಲಿ ಇನ್ನೊಮ್ಮೆ 180 ದಿನ ಕೊಟ್ಟರು. ನಮ್ಮನೆಯಲ್ಲಿ ಯಾರಿಗೂ ಇದು ಗೊತ್ತೇ ಆಗಲಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ಮನೆಗೆ ಗೆಜೆಟ್ ಯಾರು ತಂದುಕೊಡ್ತಾರೆ? ಶಿಕ್ಷೆ ಮಾತ್ರ ಮೂರರಿಂದ ಏಳು ವರ್ಷ. ಅಜ್ಜನ ಉಗುರು ಇಟ್ಟುಕೊಂಡವನಿಗೂ ಮೊನ್ನೆ ಹುಲಿಗೆ ವಿಷ ಇಟ್ಟವನಿಗೂ ಒಂದೇ ಸೆಕ್ಷನ್ ಅಂದ್ರೆ ಹಳ್ಳಿಯವರು ಹೆದರಿ ಹೊಳೆಗೆ ಎಸೀತಾರೆ, ಇಲ್ಲಾ ಇನ್ನೂ ಆಳಕ್ಕೆ ಬಚ್ಚಿಡ್ತಾರೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಮೂರು ತಿಂಗಳೊಳಗೆ ತಂದೊಪ್ಪಿಸಿ ಅಂತ ಅವಕಾಶ ಮಾಡಿದ್ದು ಒಳ್ಳೇ ಕೆಲಸ. ನಾನು ಆಗ ಮನೆಗೆ ಫೋನ್ ಮಾಡಿ ಹೇಳಿದ್ದೆ. "ಹೊಳೇಲಿ ಮುಳುಗಿ ಹುಡುಕ್ಲಾ?" ಅಂದರು ಚಿಕ್ಕಪ್ಪ. ನಾನೂ ಜೋರು ಮಾಡಲಿಲ್ಲ. ರಜೆ ಹಾಕಿ ಹೋಗಿ, ಪೆಟ್ಟಿಗೆ ತೆಗೆಸಿ ನೋಡಬೇಕಿತ್ತು. ಹೋಗಲಿಲ್ಲ. ಅದು ನನ್ನ ತಪ್ಪು.

ಸಂಪ್ರದಾಯ ಅನ್ನೋರಿಗೆ ನನ್ನದೊಂದು ಪ್ರಶ್ನೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಹತ್ತಿರ ತೋಳುದ್ದದ ಮೀನುಗಳು ಹಿಂಡುಹಿಂಡಾಗಿ ಬರ್ತವೆ. ಮಂಡಕ್ಕಿ ಹಾಕ್ತೀವಿ, ಯಾರೂ ಹಿಡಿಯೋದಿಲ್ಲ. ಯಾಕೆ ಅಂದ್ರೆ ಅದು ದೇವರ ಮೀನು. ಯಾವ ಸೆಕ್ಷನ್ನೂ ಓದದ ಜನ ಅದನ್ನ ಉಳಿಸಿಕೊಂಡು ಬಂದಿದಾರೆ. ಅದೂ ನಮ್ಮದೇ ಸಂಪ್ರದಾಯ ಅಲ್ವಾ? ಇನ್ನೊಂದು ಕಡೆ ನರಸಿಂಹರಾಜಪುರದ ಹಿನ್ನೀರಿನಾಚೆ ಭದ್ರಾ ಕಾಡು. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಕಾಡೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಹೊತ್ತಿಗೆ ಗದ್ದೆ, ಮನೆ, ದೇವರ ಬನ ಎಲ್ಲ ಬಿಟ್ಟು ಆಚೆ ಬಂದವು. ಆ ಹುಲಿಗಳಿಗೋಸ್ಕರ ಅವರು ಊರನ್ನೇ ಬಿಟ್ಟಿದಾರೆ. ನಾವು ಒಂದು ಡಾಲರು ಬಿಡೋಕೆ ಇಷ್ಟು ಚೌಕಾಶಿ.

ಅಕ್ಕನಿಗೆ ಇಷ್ಟೂ ಬರೆದು ಕಳಿಸಿದೆ. ಹೊಸದು ತರಿಸಿದ್ರೆ ನಾನು ನಾಮಕರಣಕ್ಕೆ ಬರಲ್ಲ ಅಂತಲೂ ಬರೆದೆ. ಅವಳು ನೆಂಟರಿಗೆ ಬೇಡ ಅಂದಳು. ಅಜ್ಜಿ ನನ್ನ ಹತ್ರ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವರೇ ಫೋನ್ ಮಾಡಿ, "ಬಜೆ ತುಂಡು ಪೋಣಿಸಿ ಕಟ್ತೀನಿ, ಅದಕ್ಕಾದ್ರೂ ನಿನ್ನ ಸರ್ಕಾರದವರು ಬರಲ್ವಲ್ಲ?" ಅಂದರು.

ಬರಲ್ಲ ಅಜ್ಜಿ ಅಂದೆ. ಶನಿವಾರ ಊರಿಗೆ ಹೊರಡ್ತಿದೀನಿ. ಅಟ್ಟದ ಪೆಟ್ಟಿಗೆಯ ಬೀಗದ ಕೈ ಚಿಕ್ಕಪ್ಪನ ಹತ್ರ ಇದೆ. ಈ ಸಲ ಅದನ್ನ ತೆಗೆಸಿ ನೋಡೋದೇ. ಸಿಕ್ಕಿದರೆ ವಕೀಲರೊಬ್ಬರನ್ನ ಜೊತೆಗಿಟ್ಟುಕೊಂಡು ಅರಣ್ಯ ಇಲಾಖೆಗೆ ಒಪ್ಪಿಸೋದು ಅಂತ ಅಪ್ಪನೂ ಒಪ್ಪಿದಾರೆ. ನಿಮ್ಮಲ್ಲಿ ಯಾರಾದರೂ ಹೀಗೆ ಒಪ್ಪಿಸಿದ್ದರೆ ಏನೇನಾಯ್ತು ಅಂತ ದಯವಿಟ್ಟು ಬರೀರಿ.